ಓಲೆಯ ಚಿತ್ರವುಂಟು, ಓದುವವರಿಲ್ಲ

ಕೆಲವು ಕಾಲದ ಹಿಂದೆ ಒಂದು ಬಸದಿಯ ಆಡಳಿತ ಮಂಡಳಿಯವರು ಏರ್ಪಡಿಸಿದ್ದ ಸಮಾರಂಭಕ್ಕೆ ಹೋಗುವ ಅವಕಾಶ ನನಗೆ ಒದಗಿತು. ಅಲ್ಲಿನ ಶಾಸ್ತ್ರಭಂಡಾರದ ತಾಡವೋಲೆಗಳನ್ನೆಲ್ಲ ಛಾಯಾಚಿತ್ರ ತೆಗೆಸಿ, ಅವನ್ನು ಅಂಗೈಯಗಲದ ಒಂದು ಹಾರ್ಡ್ ಡಿಸ್ಕಿನಲ್ಲಿ ತುಂಬಿಸಿ, ಆ ಡಿಸ್ಕನ್ನು ಬೆಳ್ಳಿಯ ತಟ್ಟೆಯಲ್ಲಿಟ್ಟು, ಹೂಹಾರ ಹಾಕಿ ಲೋಕಾರ್ಪಣ ಮಾಡಿದರು. ದಾನಿಗಳ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸಲಾಗಿತ್ತು. ಸಭೆಯ ಹಿಂದಿನ ಪರದೆಯ ಮೇಲೆ ಒಂದು ಓಲೆಯ ಚಿತ್ರವು ಆಳೆತ್ತರವಾಗಿ ಬೆಳಗುತ್ತಿತ್ತು. ನನ್ನ ಪಕ್ಕದಲ್ಲಿ ಕುಳಿತಿದ್ದ ತರುಣ ಕನ್ನಡ ಎಂ.ಎ. ಮುಗಿಸಿ ಸಂಶೋಧನೆಗೆ ತೊಡಗಿದ್ದವನು. ಪರದೆಯ ಮೇಲಿನ ಮೊದಲ ಪಂಕ್ತಿಯನ್ನು ಓದಬಲ್ಲೆಯಾ ಎಂದು ಕೇಳಿದೆ. ಅವನು ನಾಚಿ ತಲೆ ತಗ್ಗಿಸಿದನು. ಚಿತ್ರ ತೆಗೆದ ತಂತ್ರಜ್ಞನನ್ನು ಕೇಳಿದೆ. ಅದು ತನ್ನ ಕೆಲಸವಲ್ಲವೆಂದನು. ವೇದಿಕೆಯ ಮೇಲಿದ್ದ ಗಣ್ಯರನ್ನು ಕೇಳುವ ಅವಿನಯವನ್ನು ನಾನು ಮಾಡಲಿಲ್ಲ. ಆದರೆ ಆ ಸಭೆಯಲ್ಲಿ ಆ ಓಲೆಯನ್ನು ಓದಬಲ್ಲವರು ಇಬ್ಬರು ಮೂವರಿದ್ದರೆ ಹೆಚ್ಚು, ಅವರೂ ಎಪ್ಪತ್ತು ದಾಟಿದವರು, ಎಂಬುದು ನನಗೆ ತಿಳಿದಿತ್ತು.

ಈ ಲೇಖನದ ಆಕ್ಷೇಪವು ಇಷ್ಟೇ. ನಾವು ಯಂತ್ರಗಳಿಗಾಗಿ ಧಾರಾಳವಾಗಿ ವ್ಯಯಿಸುತ್ತಿದ್ದೇವೆ. ಆ ಯಂತ್ರಗಳಿಂದ ವಿದ್ಯೆಯನ್ನು ಪಡೆಯಬೇಕಾದ ವಿದ್ಯಾರ್ಥಿಗಳಿಗಾಗಿ ಏನನ್ನೂ ವ್ಯಯಿಸುತ್ತಿಲ್ಲ. ಕನ್ನಡ, ಪ್ರಾಕೃತ, ಸಂಸ್ಕೃತ, ಇತಿಹಾಸ, ಶಾಸನಶಾಸ್ತ್ರ ಇತ್ಯಾದಿ ಮಾನವಿಕ ವಿಷಯಗಳನ್ನು ಸ್ನಾತಕೋತ್ತರ ಮಟ್ಟದಲ್ಲಿ ಓದುವ ತರುಣ ತರುಣಿಯರಿಗೆ ಗಣಕಯಂತ್ರವನ್ನು ತಮ್ಮ ಸಂಶೋಧನೆಯಲ್ಲಿಯೂ ಬೋಧನೆಯಲ್ಲಿಯೂ ಬಳಸುವ ಶಿಕ್ಷಣವನ್ನು ಕ್ರಮವಾಗಿ ಕೊಡದಿದ್ದರೆ, ಇಂದು ನಾವು ಮಾಡುತ್ತಿರುವ ಸಂರಕ್ಷಣೆಯೆಲ್ಲವೂ ಬೀಗದ ಕೈ ಕಳೆದುಹೋದ ಭಂಡಾರಕ್ಕೆ ಹೊಸ ಬಣ್ಣ ಬಳಿದಂತಾಗುತ್ತದೆ.

ಶಾಸ್ತ್ರದಾನವೆಂದರೆ ಏನೆಂಬುದನ್ನು ನಮ್ಮ ಸಮಾಜಕ್ಕೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದನ್ನು ಮಕ್ಕಳೂ ಬಲ್ಲರು. ಆದರೆ ಸಾವಿರ ಪ್ರತಿಗಳಾಗಬೇಕಾದರೆ ಎಷ್ಟು ಲಿಪಿಕಾರರು ಬೇಕಾಗಿದ್ದರು, ಅವರಿಗೆ ಅಕ್ಷರವನ್ನೂ ಛಂದಸ್ಸನ್ನೂ ಕಲಿಸಿದವರು ಯಾರು, ಆ ಪ್ರತಿಗಳನ್ನು ಪಡೆದು ಓದುವವರು ಎಷ್ಟು ಮಂದಿ ಇದ್ದಿರಬೇಕು ಎಂಬುದನ್ನು ನಾವು ಯೋಚಿಸುವುದಿಲ್ಲ. ಓದುವ ಜನರಿದ್ದುದರಿಂದಲೇ ಆ ದಾನವು ದಾನವಾಯಿತು. ಓದುಗರಿಲ್ಲದ ಊರಿಗೆ ಸಾವಿರ ಕಟ್ಟು ಓಲೆಗಳನ್ನು ಕಳುಹಿಸಿದ್ದರೆ ಅದು ಗೆದ್ದಲಿಗೆ ಮಾಡಿದ ದಾನವಾಗುತ್ತಿತ್ತು.

ಒಂದು ಅಕ್ಷರದ ಬೆಲೆ ಎಷ್ಟೆಂಬುದಕ್ಕೆ ನಮ್ಮ ಇತಿಹಾಸದಲ್ಲಿಯೇ ಉದಾಹರಣೆ ಇದೆ. ಷಟ್ಖಂಡಾಗಮದ ಧವಲಾ ಟೀಕೆಯ ಪ್ರಾಚೀನ ತಾಡಪ್ರತಿಗಳು ಶತಮಾನಗಳ ಕಾಲ ಮೂಡುಬಿದಿರೆಯಲ್ಲಿ ಹಳಗನ್ನಡ ಲಿಪಿಯಲ್ಲಿ ಉಳಿದುಬಂದವು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿಲೇಖನ ಕಾರ್ಯ ಆರಂಭವಾಯಿತು. ಆ ಪ್ರತಿಗಳಿಂದ ಹುಟ್ಟಿದ ಪ್ರತಿಗಳನ್ನು ಆಧರಿಸಿ ಡಾ. ಹೀರಾಲಾಲ ಜೈನರು 1939ರಲ್ಲಿ ಮೊದಲ ಸಂಪುಟವನ್ನು ಪ್ರಕಟಿಸಿದರು. ಅದರ 93ನೆಯ ಸೂತ್ರದಲ್ಲಿ ‘ಸಂಜದ’ ಎಂಬ ಒಂದು ಪದವು ಪ್ರತಿಗಳಲ್ಲಿರಲಿಲ್ಲ. ಅರ್ಥದ ದೃಷ್ಟಿಯಿಂದ ಆ ಪದವು ಅಲ್ಲಿರಬೇಕೆಂದು ಸಂಪಾದಕರು ಟಿಪ್ಪಣಿಯಲ್ಲಿ ಸೂಚಿಸಿದರು. ಸ್ತ್ರೀಯರ ಗುಣಸ್ಥಾನಗಳ ವಿಚಾರಕ್ಕೆ ಸಂಬಂಧಿಸಿದ ಸೂತ್ರವಾದುದರಿಂದ ಪಂಡಿತರಲ್ಲಿ ದೊಡ್ಡ ವಿವಾದವೇ ಎದ್ದಿತು. ಮುಂದೆ ಮೂಡುಬಿದಿರೆಯ ತಾಡಪ್ರತಿಯನ್ನು ನೋಡಿದಾಗ ಆ ಪದವು ಅಲ್ಲಿ ಇದ್ದೇ ಇತ್ತು! ಅದರ ಹಿಂದಿನ ಪದವೂ ಅದೇ ಅಕ್ಷರಗಳಿಂದ ಮುಗಿಯುತ್ತದೆಯಾದುದರಿಂದ ಪ್ರತಿಕಾರನ ಕಣ್ಣು ಒಂದನ್ನು ಬಿಟ್ಟು ಮುಂದಕ್ಕೆ ಜಾರಿತ್ತೆಂದು ಊಹಿಸಬಹುದು. ಮೂರು ಅಕ್ಷರಗಳು ಬಿಟ್ಟುಹೋದುದರಿಂದ ವರ್ಷಗಟ್ಟಲೆ ವಾದ ನಡೆಯಿತು. ಅದನ್ನು ಸರಿಪಡಿಸಿದುದು ಸಂದೇಹಪಡಲು ಕಲಿತ ಒಬ್ಬ ಸಂಪಾದಕನ ಬುದ್ಧಿ ಮತ್ತು ಓಲೆಯನ್ನು ಓದಬಲ್ಲ ಒಂದು ಜೊತೆ ಕಣ್ಣು.

ಇಂದು ಅದೇ ಪ್ರತಿಲೇಖನವನ್ನು ಯಂತ್ರಕ್ಕೆ ಒಪ್ಪಿಸೋಣವೆಂದು ಉತ್ಸಾಹಿಗಳು ಹೇಳುತ್ತಿದ್ದಾರೆ. ಯಂತ್ರವು ಓದಲಾರದೆಂದು ನಾನು ಹೇಳುವುದಿಲ್ಲ. ಅಚ್ಚಾದ ಹೊಸಗನ್ನಡ ಪುಟವನ್ನು ಅದು ಈಗಾಗಲೇ ತಕ್ಕಮಟ್ಟಿಗೆ ಓದುತ್ತದೆ. ಸಾಕಷ್ಟು ಮಾದರಿಗಳನ್ನು ಕಲಿಸಿದರೆ ಕೈಬರಹವನ್ನೂ ಓದೀತು. ಪ್ರಶ್ನೆ ಬೇರೆಯದು. ಓಲೆಯಲ್ಲಿ ಪದಗಳ ನಡುವೆ ಬಿಡುವಿಲ್ಲ. ಎ-ಏ, ಒ-ಓಗಳ ಹ್ರಸ್ವದೀರ್ಘ ಭೇದವನ್ನು ಲಿಪಿಕಾರನು ಸಾಮಾನ್ಯವಾಗಿ ತೋರಿಸುವುದಿಲ್ಲ. ಪದವನ್ನು ಎಲ್ಲಿ ಬಿಡಿಸಬೇಕು, ಸ್ವರವನ್ನು ಎಲ್ಲಿ ಎಳೆಯಬೇಕು ಎಂಬುದನ್ನು ಛಂದಸ್ಸು, ವ್ಯಾಕರಣ, ಅರ್ಥ ಈ ಮೂರನ್ನೂ ಬಲ್ಲವನೇ ನಿರ್ಣಯಿಸಬೇಕು. ಯಂತ್ರಕ್ಕೆ ಮಾದರಿಗಳನ್ನು ಸಿದ್ಧಪಡಿಸಿಕೊಡುವವರು ಇಂಥವರೇ ಆಗಬೇಕು. ಅದು ಓದಿದ್ದನ್ನು ತಿದ್ದುವವರೂ ಇಂಥವರೇ ಆಗಬೇಕು. ಹೆಚ್ಚು ಸಂಭವನೀಯವಾದುದನ್ನು ಊಹಿಸುವ ಯಂತ್ರವು, ಒತ್ತೊತ್ತಾಗಿ ಎರಡು ಸಲ ಬಂದ ಪದವನ್ನು ಪುನರುಕ್ತಿಯೆಂದು ಬಗೆದು ತೆಗೆದುಹಾಕಿದರೆ, ‘ಸಂಜದ’ದ ಕಥೆ ಮತ್ತೊಮ್ಮೆ ನಡೆಯುತ್ತದೆ. ಈ ಸಲ ಟಿಪ್ಪಣಿ ಬರೆಯುವ ಹೀರಾಲಾಲರು ಇರುವುದಿಲ್ಲ.

ಭಾಷೆಯನ್ನು ಬಲ್ಲವರು ತಂತ್ರಜ್ಞಾನದಿಂದ ದೂರ ನಿಂತರೆ ಏನಾಗುತ್ತದೆಂಬುದಕ್ಕೆ ಇನ್ನೊಂದು ನಿದರ್ಶನವನ್ನು ಕೊಡುತ್ತೇನೆ. ಜಗತ್ತಿನ ಎಲ್ಲ ಲಿಪಿಗಳಿಗೂ ಗಣಕದಲ್ಲಿ ಸಂಕೇತ ನೀಡುವ ಯೂನಿಕೋಡ್ ವ್ಯವಸ್ಥೆಯಲ್ಲಿ ಕನ್ನಡಕ್ಕೂ ಸ್ಥಾನ ದೊರೆತಿದೆ. ಪಂಪ ರನ್ನರ ಕಾವ್ಯಗಳಲ್ಲಿ ಪದೇ ಪದೇ ಬರುವ ‘ೞ’ ಅಕ್ಷರವೂ ಅದರಲ್ಲಿದೆ. ಆದರೆ ಅಲ್ಲಿ ಅದರ ಅಧಿಕೃತ ಹೆಸರು ‘ಫ’ ಎಂದು! ಹಳಗನ್ನಡದ ೞಕಾರವನ್ನು ಯಾರೋ ಇಂಗ್ಲಿಷಿನ ‘ಎಫ್’ ಧ್ವನಿಯ ಅಕ್ಷರವೆಂದು ತಪ್ಪಾಗಿ ಗ್ರಹಿಸಿದರು. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ, ಅದು ತಪ್ಪೆಂಬ ಟಿಪ್ಪಣಿಯೊಡನೆ ಆ ಹೆಸರು ಇಂದಿಗೂ ಹಾಗೆಯೇ ಉಳಿದಿದೆ. ಕೇಶಿರಾಜನ ಶಬ್ದಮಣಿದರ್ಪಣವನ್ನು ಓದಿದ ಒಬ್ಬ ಎಂ.ಎ. ವಿದ್ಯಾರ್ಥಿಯು ಆ ಕೋಷ್ಟಕವನ್ನು ಸಕಾಲದಲ್ಲಿ ನೋಡಿದ್ದರೆ ಒಂದು ನಿಮಿಷದಲ್ಲಿ ಅದನ್ನು ತಿದ್ದಬಹುದಾಗಿತ್ತು.

ಇನ್ನು ನಮ್ಮ ವಿಶ್ವವಿದ್ಯಾನಿಲಯಗಳ ಸ್ಥಿತಿಯನ್ನು ನೋಡೋಣ. ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಪೂರ್ವಭಾವಿ ಪಾಠಕ್ರಮ ಇರಬೇಕೆಂದೂ, ಸಂಶೋಧನಾ ವಿಧಾನದ ಪತ್ರಿಕೆಯಲ್ಲಿ ಗಣಕಯಂತ್ರದ ಬಳಕೆಯನ್ನು ಸೇರಿಸಬಹುದೆಂದೂ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2009ರಲ್ಲಿಯೇ ವಿಧಿಸಿತು. ನಾನು ಕಂಡಿರುವ ಮಟ್ಟಿಗೆ ಮಾನವಿಕ ವಿಭಾಗಗಳಲ್ಲಿ ಆ ಪಾಠವೆಂದರೆ ಬೆರಳಚ್ಚು, ಪುಟವಿನ್ಯಾಸ, ಮತ್ತು ಬಣ್ಣದ ಸ್ಲೈಡುಗಳ ತಯಾರಿಕೆ. ಕಲಿಸುವವರು ಬೇರೆ ವಿಭಾಗದಿಂದ ಎರವಲು ಬಂದವರು; ಅವರ ಉದಾಹರಣೆಗಳೆಲ್ಲ ಅಂಗಡಿಯ ಲೆಕ್ಕ ಮತ್ತು ನೌಕರರ ಸಂಬಳಪಟ್ಟಿ. ಅಂಥ ತರಗತಿಯಿಂದ ಹೊರಬಂದ ವಿದ್ಯಾರ್ಥಿಯು ತನ್ನ ಪ್ರಬಂಧವನ್ನು ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಟೈಪು ಮಾಡಿಸುತ್ತಾನೆ. ನಾಲ್ಕು ವರ್ಷಗಳ ದುಡಿಮೆಯ ಫಲವು, ಆ ಫಾಂಟಿಲ್ಲದ ಗಣಕದಲ್ಲಿ ತೆರೆದಾಗ, ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗಿ ಕಾಣುತ್ತದೆ. ಅದರೊಳಗೆ ಒಂದು ಪದವನ್ನು ಹುಡುಕುವುದೂ ಸಾಧ್ಯವಾಗುವುದಿಲ್ಲ.

2022ರ ಕೊನೆಯ ಬಳಿಕ ಪರಿಸ್ಥಿತಿಯು ಇನ್ನೂ ಗಂಭೀರವಾಗಿದೆ. ಕೇಳಿದ್ದಕ್ಕೆಲ್ಲ ಉತ್ತರ ಬರೆದುಕೊಡುವ ಕೃತಕ ಬುದ್ಧಿಮತ್ತೆಯ ಸಾಧನಗಳು ಪ್ರತಿಯೊಬ್ಬ ವಿದ್ಯಾರ್ಥಿಯ ಕೈಫೋನಿನಲ್ಲಿವೆ. ಒಬ್ಬ ವಿದ್ಯಾರ್ಥಿನಿಯು ನನಗೆ ತೋರಿಸಿದ ಲೇಖನದಲ್ಲಿ ಜನ್ನನದೆಂದು ಒಂದು ಪದ್ಯವಿತ್ತು. ಅದಕ್ಕೆ ಆಶ್ವಾಸವನ್ನೂ ಪದ್ಯಸಂಖ್ಯೆಯನ್ನೂ ಕೊಟ್ಟಿತ್ತು. ಛಂದಸ್ಸು ಕುಂಟುತ್ತಿತ್ತು. ಗ್ರಂಥವನ್ನು ತೆರೆದು ನೋಡಿದರೆ ಆ ಸ್ಥಾನದಲ್ಲಿ ಬೇರೆಯೇ ಪದ್ಯ. ಯಂತ್ರವು ಕಲ್ಪಿಸಿದುದನ್ನು ಅವಳು ಕವಿಯದೆಂದು ನಂಬಿದ್ದಳು. ಅವಳು ಸುಳ್ಳು ಹೇಳಲಿಲ್ಲ, ಅವಳಿಗೆ ಪರೀಕ್ಷಿಸುವ ಕ್ರಮವನ್ನು ಯಾರೂ ಕಲಿಸಿರಲಿಲ್ಲ. ಇಲ್ಲಿ ತಪ್ಪು ಯಾರದು? ಸತ್ಯವ್ರತವನ್ನು ಉಪದೇಶಿಸುವ ನಾವು, ಸತ್ಯವನ್ನು ಒರೆಗೆ ಹಚ್ಚುವ ಉಪಾಯವನ್ನು ಮುಂದಿನ ಪೀಳಿಗೆಗೆ ಕಲಿಸದಿದ್ದರೆ, ಆ ಅಸತ್ಯದಲ್ಲಿ ನಮಗೂ ಪಾಲುಂಟು.

ಇಷ್ಟು ಹೇಳಿದೊಡನೆ ಹಿರಿಯ ಪ್ರಾಧ್ಯಾಪಕರು ಕೆಲವರು ಮುಖ ಸಿಂಡರಿಸುತ್ತಾರೆ. “ಡಾ. ಆ. ನೇ. ಉಪಾಧ್ಯೆಯವರು ಯಾವ ಗಣಕಯಂತ್ರವನ್ನು ಬಳಸಿದ್ದರು?” ಎಂದು ಕೇಳುತ್ತಾರೆ. ಈ ಪ್ರಶ್ನೆಗೆ ಗೌರವದಿಂದಲೇ ಉತ್ತರಿಸಬೇಕು. 1935ರಲ್ಲಿ ಪ್ರವಚನಸಾರವನ್ನು ಸಂಪಾದಿಸಿದ ಉಪಾಧ್ಯೆಯವರು ಗಣಕವನ್ನು ಬಳಸಲಿಲ್ಲ, ನಿಜ. ಆದರೆ ತಮ್ಮ ಕಾಲದಲ್ಲಿ ಲಭ್ಯವಿದ್ದ ಅತ್ಯುತ್ತಮ ವಿಧಾನವನ್ನು ಅವರು ಶ್ರಮಪಟ್ಟು ಕಲಿತಿದ್ದರು. ಪ್ರತಿಗಳನ್ನು ತಾಳೆ ನೋಡುವುದು, ಪಾಠಾಂತರಗಳನ್ನು ಗುರುತಿಸುವುದು, ಭಾಷೆಯನ್ನು ವಿಶ್ಲೇಷಿಸುವುದು, ಇವು ಆ ಕಾಲದ ತಂತ್ರಜ್ಞಾನಗಳೇ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು 1995ರಲ್ಲಿ ಪೂರ್ಣಗೊಂಡಿತಷ್ಟೆ. ಅದರ ಹಿಂದೆ ಪದಪ್ರಯೋಗಗಳನ್ನು ಬರೆದ ಲಕ್ಷಾಂತರ ಚೀಟಿಗಳಿದ್ದವು. ಚೀಟಿಯನ್ನು ಬರೆದು, ವಿಂಗಡಿಸಿ, ಬೇಕಾದಾಗ ಹುಡುಕಿ ತೆಗೆಯುವ ಕ್ರಮವೇ ಗಣಕವು ಮಾಡುವ ಕೆಲಸ. ಹಿರಿಯರು ಕಲಿತದ್ದನ್ನು ಕಿರಿಯರು ಕಲಿಯಬಾರದೆನ್ನುವುದು ಹಿರಿಯರಿಗೆ ತೋರುವ ಗೌರವವಲ್ಲ.

ಪಶ್ಚಿಮದ ಒಂದು ನಿದರ್ಶನವೂ ಇಲ್ಲಿ ವಿಚಾರಾರ್ಹವಾಗಿದೆ. ಇಟಲಿಯ ಪಾದ್ರಿ ರೊಬೆರ್ತೊ ಬೂಸಾ ಎಂಬವರು ಥಾಮಸ್ ಅಕ್ವಿನಾಸರ ಗ್ರಂಥಗಳಲ್ಲಿ ‘ಒಳಗೆ’ ಎಂಬರ್ಥದ ಒಂದು ಸಣ್ಣ ಅವ್ಯಯದ ಪ್ರಯೋಗವನ್ನು ತಿಳಿಯಲು ಸುಮಾರು ಹತ್ತು ಸಾವಿರ ಚೀಟಿಗಳನ್ನು ಕೈಯಿಂದಲೇ ಬರೆದಿದ್ದರು. ಆ ಅನುಭವದ ನಂತರವೇ ಅವರು 1949ರಲ್ಲಿ ಅಮೆರಿಕಕ್ಕೆ ಹೋಗಿ ಐಬಿಎಂ ಸಂಸ್ಥೆಯ ಮುಖ್ಯಸ್ಥರನ್ನು ಕಂಡು ಯಂತ್ರದ ಸಹಾಯ ಬೇಡಿದರು. ಮೊದಲು ಪ್ರಶ್ನೆ ಹುಟ್ಟಿತು, ಆಮೇಲೆ ಯಂತ್ರ ಬಂದಿತು. ಮೂರು ದಶಕಗಳ ದುಡಿಮೆಯಿಂದ ಐವತ್ತಾರು ಸಂಪುಟಗಳ ಪದಸೂಚಿ ಸಿದ್ಧವಾಯಿತು. ಆದರೆ ಆ ಸಾಹಸದಲ್ಲಿ ಒಂದು ಕೊರತೆಯೂ ಇತ್ತು. ಕಾರ್ಡುಗಳಿಗೆ ರಂಧ್ರ ಹೊಡೆಯುವ ಕೆಲಸಕ್ಕೆ ಇಟಲಿಯ ತರುಣಿಯರನ್ನು ತರಬೇತುಗೊಳಿಸಲಾಗಿತ್ತು. ಅವರ ಬೆರಳುಗಳಿಗೆ ಶಿಕ್ಷಣ ದೊರೆಯಿತು, ವಿದ್ವತ್ತಿನಲ್ಲಿ ಪಾಲು ದೊರೆಯಲಿಲ್ಲ. ಅವರ ಹೆಸರುಗಳು ಎಷ್ಟೋ ದಶಕಗಳ ನಂತರ ಇತಿಹಾಸಕಾರರು ಹುಡುಕಿದ ಮೇಲಷ್ಟೇ ಬೆಳಕಿಗೆ ಬಂದವು. ನಮ್ಮಲ್ಲಿಯೂ ಇಂದು ಸ್ಕ್ಯಾನರಿನ ಮುಂದೆ ದಿನಗೂಲಿಗೆ ಕೂರುವ ಹುಡುಗ ಹುಡುಗಿಯರಿಗೆ ತಾವು ತಿರುವುತ್ತಿರುವುದು ಯಾವ ಗ್ರಂಥವೆಂಬುದು ತಿಳಿದಿಲ್ಲ. ಬೆರಳಿಗೆ ಮಾತ್ರ ಕಲಿಸುವ ಶಿಕ್ಷಣವನ್ನು ನಾನು ಕೇಳುತ್ತಿಲ್ಲ.

ಹಾಗಾದರೆ ಏನನ್ನು ಕಲಿಸಬೇಕು? ಮೊದಲನೆಯದಾಗಿ, ಓಲೆಯ ಲಿಪಿಯನ್ನು. ಅದಿಲ್ಲದೆ ಉಳಿದುದೆಲ್ಲ ವ್ಯರ್ಥ. ಎರಡನೆಯದಾಗಿ, ಯೂನಿಕೋಡಿನಲ್ಲಿ ೞ, ಱಗಳನ್ನೂ ಒಳಗೊಂಡಂತೆ ಶುದ್ಧವಾಗಿ ಪ್ರತಿಲೇಖಿಸುವುದನ್ನು. ಮೂರನೆಯದಾಗಿ, ಪ್ರತಿಯೊಂದು ಚಿತ್ರಕ್ಕೂ ಗ್ರಂಥದ ಹೆಸರು, ಓಲೆಯ ಸಂಖ್ಯೆ, ಭಂಡಾರ, ತೆಗೆದ ದಿನಾಂಕ ಇವನ್ನು ಕ್ರಮಬದ್ಧವಾಗಿ ದಾಖಲಿಸುವುದನ್ನು. ಹೆಸರಿಲ್ಲದ ಹತ್ತು ಸಾವಿರ ಚಿತ್ರಗಳು ದಾರ ಬಿಚ್ಚಿ ಚೆಲ್ಲಿದ ಓಲೆಗಳಿಗೆ ಸಮ. ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳ ತಾಡಪತ್ರೀಯ ಗ್ರಂಥಸೂಚಿಯು 1948ರಲ್ಲಿ ಪ್ರಕಟವಾಯಿತು. ಅಂಥ ಸೂಚಿಯನ್ನು ಗಣಕದಲ್ಲಿ ಮುಂದುವರಿಸುವವರು ಬೇಕು. ನಾಲ್ಕನೆಯದಾಗಿ, ಪಾಠಾಂತರಗಳನ್ನು ಗಣಕಕ್ಕೆ ತಿಳಿಯುವಂತೆ ಗುರುತಿಸುವುದನ್ನು. 1987ರಲ್ಲಿ ಆರಂಭವಾದ ಪಠ್ಯ ಸಂಕೇತನದ ಒಂದು ಅಂತರರಾಷ್ಟ್ರೀಯ ಪದ್ಧತಿಯಲ್ಲಿ, ಒಂದೇ ಸ್ಥಾನದಲ್ಲಿ ಮೂರು ಪ್ರತಿಗಳ ಮೂರು ಪಾಠಗಳನ್ನು, ಯಾವುದು ಯಾವ ಪ್ರತಿಯದೆಂಬ ಸೂಚನೆಯೊಡನೆ, ಒಟ್ಟಿಗೆ ಉಳಿಸಬಹುದು. ಒಂದನ್ನು ಸ್ವೀಕರಿಸಿದರೂ ಉಳಿದವು ಅಳಿಯುವುದಿಲ್ಲ. ಅನೇಕಾಂತವನ್ನು ಬಲ್ಲ ಸಮಾಜಕ್ಕೆ ಈ ಕ್ರಮವು ಅಪರಿಚಿತವೆನಿಸಬಾರದು. ಐದನೆಯದಾಗಿ, ಯಂತ್ರವು ಕೊಟ್ಟ ಉತ್ತರವನ್ನು ಮೂಲಗ್ರಂಥದೊಡನೆ ತಾಳೆ ನೋಡಿ, ಎಲ್ಲೆಲ್ಲಿ ಯಂತ್ರದ ಸಹಾಯ ಪಡೆದೆನೆಂದು ಪ್ರಾಮಾಣಿಕವಾಗಿ ಬರೆಯುವುದನ್ನು.

ಇದರಿಂದ ಸಂಶೋಧನೆಗೆ ಏನು ಲಾಭವೆಂದು ಕೇಳಬಹುದು. ಶ್ರವಣಬೆಳಗೊಳದ ಶಾಸನಗಳನ್ನೇ ನೋಡಿರಿ. 1889ರಲ್ಲಿ ಲೂಯಿ ರೈಸರು 144 ಶಾಸನಗಳನ್ನು ಪ್ರಕಟಿಸಿದರು. 1923ರಲ್ಲಿ ಆರ್. ನರಸಿಂಹಾಚಾರ್ಯರು ಆ ಸಂಖ್ಯೆಯನ್ನು 500ಕ್ಕೆ ಏರಿಸಿದರು. 1973ರ ಪರಿಷ್ಕೃತ ಆವೃತ್ತಿಯಲ್ಲಿ ಅದು 573 ಆಯಿತು. ಇವುಗಳಲ್ಲಿ ಯಾವ ಶತಮಾನದಲ್ಲಿ ಎಷ್ಟು ಮಂದಿ ಸ್ತ್ರೀಯರು ದಾನ ಕೊಟ್ಟರು, ಸಲ್ಲೇಖನದ ನಿಸಿದಿಗಳು ಯಾವ ಕಾಲದಲ್ಲಿ ಹೆಚ್ಚು, ಯಾವ ಗಣಗಚ್ಛಗಳ ಗುರುಗಳು ಯಾವ ಊರಿನವರು ಎಂಬ ಪ್ರಶ್ನೆಗಳಿಗೆ, ಶಾಸನಗಳನ್ನು ಓದಿ ಒಂದು ಕೋಷ್ಟಕ ಮಾಡಿಕೊಂಡ ವಿದ್ಯಾರ್ಥಿಯು ಆಧಾರಸಹಿತವಾಗಿ ಉತ್ತರಿಸಬಲ್ಲನು. ಆ ಕೋಷ್ಟಕವನ್ನು ಅವನು ಇತರರಿಗೆ ಕೊಟ್ಟರೆ, ಮುಂದಿನವನು ಮೊದಲಿನಿಂದ ಆರಂಭಿಸಬೇಕಾಗಿಲ್ಲ. ಎಣಿಕೆಯು ಅರ್ಥವನ್ನು ಕೊಡುವುದಿಲ್ಲ, ಸರಿ. ಆದರೆ ಎಣಿಸಬಹುದಾದುದನ್ನು ಎಣಿಸದೆ ‘ಬಹಳ’, ‘ಕೆಲವು’ ಎಂದು ಬರೆಯುವುದು ವಿದ್ವತ್ತಲ್ಲ.

ಬೋಧನೆಯ ವಿಷಯದಲ್ಲಿಯೂ ನಾವು ದಾರಿ ತಪ್ಪಿದ್ದೇವೆ. 2020ರ ಮಹಾಮಾರಿಯ ಕಾಲದಲ್ಲಿ ಅಧ್ಯಾಪಕರೆಲ್ಲ ಒಮ್ಮೆಲೇ ಕೈಫೋನಿನ ಮುಂದೆ ಕುಳಿತು ಹಳೆಯ ಟಿಪ್ಪಣಿಗಳನ್ನು ಓದಿದರು. ಅದನ್ನೇ ತಂತ್ರಜ್ಞಾನದ ಬೋಧನೆಯೆಂದು ಕರೆದೆವು. ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದುವುದು ಪಾಠವಲ್ಲ. ಇಪ್ಪತ್ತು ವಿದ್ಯಾರ್ಥಿಗಳಿಗೆ ಒಂದೇ ಓಲೆಯ ಚಿತ್ರವನ್ನು ಕೊಟ್ಟು, ಪ್ರತಿಯೊಬ್ಬರೂ ಸ್ವತಂತ್ರವಾಗಿ ಪ್ರತಿಲೇಖಿಸುವಂತೆ ಹೇಳಿ, ಇಪ್ಪತ್ತು ಪಾಠಗಳನ್ನೂ ಪಕ್ಕಪಕ್ಕದಲ್ಲಿಟ್ಟು, ಭಿನ್ನವಾದ ಕಡೆಗಳಲ್ಲಿ ಏಕೆ ಭಿನ್ನವಾಯಿತೆಂದು ಚರ್ಚಿಸಿರಿ. ಜೊತೆಗೆ ಯಂತ್ರದ ಪಾಠವನ್ನೂ ಇಪ್ಪತ್ತೊಂದನೆಯದಾಗಿ ಇಡಿರಿ. ಅದು ಎಲ್ಲಿ ಗೆದ್ದಿತು, ಎಲ್ಲಿ ಸೋತಿತು ಎಂಬುದನ್ನು ವಿದ್ಯಾರ್ಥಿಗಳೇ ಕಂಡುಕೊಳ್ಳಲಿ. ಇಂಥ ತರಗತಿಗೆ ದುಬಾರಿಯ ಪ್ರಯೋಗಾಲಯ ಬೇಕಾಗಿಲ್ಲ. ಮುಂದೆ ತಾವೂ ಅಧ್ಯಾಪಕರಾಗುವ ಈ ವಿದ್ಯಾರ್ಥಿಗಳು ತಾವು ಕಲಿತ ರೀತಿಯಲ್ಲಿಯೇ ಕಲಿಸುತ್ತಾರೆ ಎಂಬುದನ್ನು ನೆನಪಿಡಬೇಕು.

ಆಡಳಿತ ಮಂಡಳಿಗಳ ಸಂಕೋಚವನ್ನೂ ನಾನು ಬಲ್ಲೆ. ಶಾಸ್ತ್ರದ ಚಿತ್ರಗಳನ್ನು ವಿದ್ಯಾರ್ಥಿಗಳ ಕೈಗೆ ಕೊಟ್ಟರೆ ಅವಿನಯವಾದೀತು, ದುರುಪಯೋಗವಾದೀತು, ಯಾರೋ ತಮ್ಮ ಹೆಸರಿನಲ್ಲಿ ಅಚ್ಚು ಹಾಕಿಸಿಯಾರು ಎಂಬ ಭಯ. ಓಲೆಗಳು ಕಳವಾದ ಕಹಿ ಅನುಭವವಿರುವವರ ಭಯ ನಿರಾಧಾರವಾದುದಲ್ಲ. ಆದರೆ ಓಲೆಯನ್ನು ಕಾಪಾಡುವುದು ಬೇರೆ, ಅದರ ಚಿತ್ರವನ್ನು ಬಚ್ಚಿಡುವುದು ಬೇರೆ. ಚಿತ್ರವನ್ನು ಕೊಟ್ಟರೆ ಮೂಲ ಓಲೆಯನ್ನು ಪದೇ ಪದೇ ಮುಟ್ಟುವ ಪ್ರಮೇಯವೇ ತಪ್ಪುತ್ತದೆ. ಯಾರಿಗೆ, ಯಾವ ಉದ್ದೇಶಕ್ಕೆ, ಯಾವ ನಿಬಂಧನೆಯ ಮೇಲೆ ಕೊಟ್ಟೆವೆಂದು ದಾಖಲೆ ಇಡಬಹುದು. ಒಂದೇ ಕಪಾಟಿನಲ್ಲಿ ಬೀಗ ಹಾಕಿಟ್ಟ ಒಂದೇ ಡಿಸ್ಕು ಕೆಟ್ಟುಹೋಗಲು ಗೆದ್ದಲೂ ಬೇಕಾಗಿಲ್ಲ; ಹತ್ತು ಕಡೆ ಇದ್ದ ಪ್ರತಿ ಅಷ್ಟು ಸುಲಭವಾಗಿ ಅಳಿಯದು. ಅಪರಿಗ್ರಹವು ಹೊನ್ನು ಮಣ್ಣುಗಳಿಗೆ ಮಾತ್ರ ಅನ್ವಯಿಸುವುದೇ? ಜ್ಞಾನದ ಪರಿಗ್ರಹವೂ ಪರಿಗ್ರಹವೇ.

ಸರ್ಕಾರವು ಮಾಡಲಿ ಎಂದು ಕೈಕಟ್ಟಿ ಕೂರುವವರೂ ಇದ್ದಾರೆ. ಕೇಂದ್ರ ಸರ್ಕಾರವು 2003ರಲ್ಲಿ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನವನ್ನು ಆರಂಭಿಸಿತು. 2025ರ ಆಯವ್ಯಯದಲ್ಲಿ ಒಂದು ಕೋಟಿಗೂ ಮಿಕ್ಕ ಹಸ್ತಪ್ರತಿಗಳನ್ನು ಒಳಗೊಳ್ಳುವ ‘ಜ್ಞಾನ ಭಾರತಂ’ ಯೋಜನೆಯನ್ನು ಘೋಷಿಸಿತು. ಸಂತೋಷ. ಆದರೆ ಕೋಟಿ ಹಸ್ತಪ್ರತಿಗಳ ಚಿತ್ರ ಸಿದ್ಧವಾದ ದಿನ ಅವನ್ನು ಓದುವವರು ಯಾರು ಎಂಬ ಪ್ರಶ್ನೆ ಆಗ ಇನ್ನೂ ದೊಡ್ಡದಾಗುತ್ತದೆ. ಚಿತ್ರ ತೆಗೆಯುವ ವೇಗಕ್ಕೂ ಓದುಗರು ತಯಾರಾಗುವ ವೇಗಕ್ಕೂ ಇರುವ ಅಂತರವು ವರ್ಷ ವರ್ಷಕ್ಕೆ ಹಿಗ್ಗುತ್ತಿದೆ.

ಆದುದರಿಂದ ಬಸದಿಗಳ ಆಡಳಿತ ಮಂಡಳಿಗಳಲ್ಲಿಯೂ ಶ್ರಾವಕ ಬಂಧುಗಳಲ್ಲಿಯೂ ನನ್ನ ಬೇಡಿಕೆ ಸ್ಪಷ್ಟವಾಗಿದೆ. ಹಸ್ತಪ್ರತಿಗಳ ಚಿತ್ರೀಕರಣಕ್ಕೆ ಒಂದು ರೂಪಾಯಿ ಕೊಡುವಾಗ ಅದನ್ನು ಓದಲು ಕಲಿಯುವ ವಿದ್ಯಾರ್ಥಿಗಾಗಿ ಇನ್ನೊಂದು ರೂಪಾಯಿಯನ್ನು ತೆಗೆದಿಡಿರಿ. ಪ್ರತಿ ಬೇಸಗೆಯಲ್ಲಿ ನಾಲ್ಕು ವಾರ, ಭಂಡಾರವಿರುವ ಕ್ಷೇತ್ರದಲ್ಲಿಯೇ, ಹದಿನೈದು ಇಪ್ಪತ್ತು ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಜಾತಿಮತಗಳ ಭೇದವಿಲ್ಲದೆ ಊಟ ವಸತಿ ಕೊಟ್ಟು ಶಿಬಿರ ನಡೆಸಿರಿ. ಬೆಳಗ್ಗೆ ಲಿಪಿಯನ್ನು ಬಲ್ಲ ಹಿರಿಯರು ಕಲಿಸಲಿ. ಮಧ್ಯಾಹ್ನ ಗಣಕವನ್ನು ಬಲ್ಲ ಕಿರಿಯರು ಕಲಿಸಲಿ. ಇಬ್ಬರೂ ಒಬ್ಬರ ತರಗತಿಯಲ್ಲಿ ಇನ್ನೊಬ್ಬರು ವಿದ್ಯಾರ್ಥಿಗಳಾಗಿ ಕೂರಲಿ. ಎಂಜಿನಿಯರಿಂಗ್ ಓದಿದ ನಮ್ಮ ಮನೆಗಳ ಮಕ್ಕಳು ಬೆಂಗಳೂರಿನಲ್ಲಿಯೂ ವಿದೇಶಗಳಲ್ಲಿಯೂ ನೂರಾರು ಮಂದಿ ಇದ್ದಾರೆ. ವರ್ಷಕ್ಕೊಮ್ಮೆ ಅಭಿಷೇಕಕ್ಕೆ ಬರುವ ಅವರಿಂದ ಹಣವನ್ನಷ್ಟೇ ಕೇಳದೆ ಹತ್ತು ದಿನಗಳ ವಿದ್ಯಾದಾನವನ್ನೂ ಕೇಳಿರಿ.

ಓಲೆಯನ್ನು ಓದಬಲ್ಲ ಆ ಇಬ್ಬರು ಮೂವರು ಹಿರಿಯರು ಇನ್ನೂ ನಮ್ಮೊಡನೆ ಇದ್ದಾರೆ. ಡಿಸ್ಕು ಹತ್ತು ವರ್ಷ ಕಾದೀತು. ಅವರು ಕಾಯಲಾರರು. ಬರುವ ಬೇಸಗೆಯ ಶಿಬಿರಕ್ಕೆ ಈ ವರ್ಷದ ಆಯವ್ಯಯದಲ್ಲಿಯೇ ಒಂದು ಸಾಲು ಬರೆಯುವ ಆಡಳಿತ ಮಂಡಳಿ ಯಾವುದೆಂದು ತಿಳಿಯಲು ನಾನು ಕಾತರನಾಗಿದ್ದೇನೆ.